ಮನಸ್ಸಲ್ಲಿರುವ ಹೆಸರು ಹೇಳಿಬಿಟ್ಟೆ, ಹುಡುಗಿ ಅತ್ತಳು: ಮೆಂಟಲಿಸಂ ಮಾಡುವ ಮೇಷ್ಟ್ರ ಪ್ರಶ್ನೆಗೆ ಉತ್ತರ

ಮೆಂಟಲಿಸಂ, ಅಂದರೆ ಎದುರಿನವರ ಮನಸ್ಸು ಓದಿದ ಹಾಗೆ ತೋರಿಸುವ ಕಲೆ, ಮಾಡುವ ಮೇಷ್ಟ್ರೊಬ್ಬರ ಪತ್ರ ಬಂತು. ಉದ್ದವಿತ್ತು. ಸಾರ ಇಷ್ಟು:

"ಸರ್, ನಮಸ್ಕಾರ. ನಾನು ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ಪ್ರೈಮರಿ ಶಾಲೆ ಮೇಷ್ಟ್ರು. ನಾಲ್ಕು ವರ್ಷದಿಂದ ಮೆಂಟಲಿಸಂ ಮಾಡುತ್ತಿದ್ದೇನೆ. ಸ್ಕೂಲ್ ಡೇ, ಮದುವೆ ರಿಸೆಪ್ಷನ್, ಸಕಲೇಶಪುರ ಕಡೆಯ ಹೋಂಸ್ಟೇಗಳು, ಹೀಗೆ. ಈ ಸಲ ಒಂದು ಗಣಪತಿ ಪೆಂಡಾಲಿನಲ್ಲಿ ಶೋ ಕೊಟ್ಟೆ. ಮುನ್ನೂರು ಜನ ಇದ್ದರು. ವೇದಿಕೆಗೆ ಬನ್ನಿ ಅಂತ ಹತ್ತು ನಿಮಿಷ ಕರೆದರೂ ಒಬ್ಬರೂ ಏಳಲಿಲ್ಲ. ಕೊನೆಗೆ ಬಂದವನು ಕುಡಿದಿದ್ದ. ಆಮೇಲೆ ಬಂದ ಹುಡುಗನ ಮನಸ್ಸಿನ ಸಂಖ್ಯೆ ಸರಿಯಾಗಿ ಹೇಳಿದೆ. 'ಅವನು ಇವರ ಶಾಲೆಯಲ್ಲೇ ಓದಿದ್ದು, ಮೊದಲೇ ಹೇಳಿಕೊಟ್ಟಿದ್ದಾರೆ' ಅಂತ ಹಿಂದಿನಿಂದ ಕೂಗಿದರು. ಮೂರನೆಯದಾಗಿ ಕಾಲೇಜು ಓದುವ ಒಂದು ಹುಡುಗಿಗೆ, ಮನಸ್ಸಿಗೆ ಹತ್ತಿರವಾದವರ ಹೆಸರು ಬರೆಯಲು ಹೇಳಿ, ಆ ಹೆಸರನ್ನು ಮೈಕಿನಲ್ಲಿ ಹೇಳಿದೆ. ಅವಳು ಅಳುತ್ತಾ ಇಳಿದು ಹೋದಳು. ಶೋ ಮುಗಿದ ಮೇಲೆ ಒಬ್ಬ ಅಜ್ಜಿ ಬಂದು, ಕಳೆದುಹೋದ ಸರ ಎಲ್ಲಿದೆ ಹೇಳಪ್ಪ ಅಂತ ಕೈ ಹಿಡಿದರು. ನಮ್ಮ ಕಡೆಯ ಇಬ್ಬರನ್ನು ಮೊದಲೇ ಜನರ ಮಧ್ಯೆ ಕೂರಿಸಿದರೆ ತಪ್ಪಾ? ಹಿಪ್ನಾಟಿಸಂ ಕಲಿತರೆ ಜನ ತಾವಾಗಿ ಬರುತ್ತಾರಂತೆ, ನಿಜವಾ? ಅಥವಾ ಜನರನ್ನು ಕರೆಯುವುದೇ ಬಿಟ್ಟು ನಾನೊಬ್ಬನೇ ಮಾಡುವ ಐಟಂ ಇಟ್ಟುಕೊಳ್ಳಲಾ? ರಾಜ್ಯೋತ್ಸವಕ್ಕೆ ಇನ್ನೊಂದು ಶೋ ಒಪ್ಪಿಕೊಂಡಿದ್ದೇನೆ."

ಮೇಷ್ಟ್ರೇ, ಪತ್ರ ಎರಡು ಸಲ ಓದಿದೆ. ಜನ ಬರಲಿಲ್ಲ, ಮೊದಲೇ ಹೇಳಿಕೊಟ್ಟಿದ್ದಾರೆ ಅಂದರು, ಇದಕ್ಕೆ ಒಂದು ಪುಟ ಬರೆದಿದ್ದೀರಿ. ಆ ಹುಡುಗಿಗೆ ಎರಡು ಸಾಲು. ನನ್ನ ಪ್ರಕಾರ ನಿಮ್ಮ ಮಿಕ್ಕ ಪ್ರಶ್ನೆಗಳ ಉತ್ತರವೂ ಆ ಎರಡು ಸಾಲಿನಲ್ಲೇ ಇದೆ.

ನಾನು ಚಿಕ್ಕಮಗಳೂರಿನಲ್ಲಿದ್ದು ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಕುವೆಂಪು ಕಲಾಮಂದಿರದ ಲೈಟಿನ ಕೆಳಗೂ ಮಾಡಿದ್ದೇನೆ, ಎಸ್ಟೇಟಿನ ಕಾಫಿ ಕಣದಲ್ಲಿ ಟಾರ್ಪಾಲಿನ ಮೇಲೆ ನಿಂತೂ ಮಾಡಿದ್ದೇನೆ. ಜನ ವೇದಿಕೆಗೆ ಬರದಿದ್ದರೆ 'ನಮ್ಮ ಕಡೆಯವರಿಗೆ ಸಂಕೋಚ ಜಾಸ್ತಿ' ಅಂತ ಎಲ್ಲರೂ ಸಮಾಧಾನ ಹೇಳುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಇದೇ ಜನ ಆರ್ಕೆಸ್ಟ್ರಾದವರು ಕರೆದರೆ ಹಾಡಲು ನಾಮುಂದು ತಾಮುಂದು ಅಂತ ಬರುತ್ತಾರೆ, ಗಣಪತಿ ಬಿಡುವ ದಿನ ತಮಟೆ ಮುಂದೆ ಮೈಮರೆತು ಕುಣಿಯುತ್ತಾರೆ. ನಾವು ಕರೆದಾಗ ಮಾತ್ರ ಚಾಪೆಗೆ ಅಂಟಿಕೊಂಡು ಕೂರುತ್ತಾರೆ. ಯಾಕೆ ಅಂದರೆ ನಾವು ಕರೆಯುವ ಮಾತೇ ಹಾಗಿದೆ: 'ಬನ್ನಿ, ನಿಮ್ಮ ಮನಸ್ಸಿನಲ್ಲಿ ಇರುವುದನ್ನು ಎಲ್ಲರ ಮುಂದೆ ಹೇಳುತ್ತೇನೆ.' ನೀವು ತಪ್ಪು ಹೇಳಿದರೆ ಅವರಿಗೆ ಏನೂ ನಷ್ಟ ಇಲ್ಲ, ನಕ್ಕು ಇಳಿಯುತ್ತಾರೆ. ಸರಿ ಹೇಳಿಬಿಟ್ಟರೆ ಏನು ಗತಿ ಅನ್ನುವುದೇ ಅವರ ಭಯ.

ಹಾಸನಾಂಬ ಕಲಾಕ್ಷೇತ್ರದಂಥ ದೊಡ್ಡ ಹಾಲಿನಲ್ಲಾದರೆ ಪಕ್ಕದ ಸೀಟಿನವರು ಯಾರೋ ಏನೋ. ನಿಮ್ಮ ಪೆಂಡಾಲಿನಲ್ಲಿ ಹಾಗಲ್ಲವಲ್ಲ. ಮುಂದಿನ ಸಾಲಿನಲ್ಲಿ ಸೊಸೈಟಿ ಸೆಕ್ರೆಟರಿ, ಅವರ ಹಿಂದೆ ಅತ್ತೆ, ಆ ಕಡೆ ಗದ್ದೆ ಬದುವಿನ ವಿಷಯಕ್ಕೆ ಮಾತು ಬಿಟ್ಟ ದಾಯಾದಿ. ಅಂಥ ಕಡೆ ಆ ಹುಡುಗಿ ಚೀಟಿಯಲ್ಲಿ ಬರೆದು ಮಡಚಿದ ಹೆಸರು ನಿಮ್ಮ ಬಾಯಿಂದ ಮೈಕಿನಲ್ಲಿ ಹೊರಬಿತ್ತು. ಅದು ಯಾರ ಹೆಸರು ಅಂತ ನನಗೆ ಬರೆದಿಲ್ಲ, ಒಳ್ಳೆಯದಾಯಿತು. ಆದರೆ ಮುನ್ನೂರು ಜನಕ್ಕೆ ಗೊತ್ತಾಗಿ ಹೋಗಿದೆ. ಮುಂದಿನ ಸಲ ಆ ಊರಿನಲ್ಲಿ ನೀವು ಕರೆದರೆ ಯಾರು ಬರುತ್ತಾರೆ ಹೇಳಿ?

ತಪ್ಪು ನಿಮ್ಮ ಕೈಚಳಕದಲ್ಲಿ ಇರಲಿಲ್ಲ, ಕೇಳಿದ ಮಾತಿನಲ್ಲಿತ್ತು. 'ಮನಸ್ಸಿಗೆ ಹತ್ತಿರವಾದವರ ಹೆಸರು' ಅಂದರೆ ಹದಿನೆಂಟು ವರ್ಷದವರಿಗೆ ಯಾವ ಹೆಸರು ಬರುತ್ತದೆ, ಅರವತ್ತು ದಾಟಿದವರಿಗೆ ಯಾವ ಹೆಸರು ಬರುತ್ತದೆ, ಒಮ್ಮೆ ಯೋಚಿಸಿ. ಒಂದು ಕಡೆ ಪ್ರೀತಿ, ಇನ್ನೊಂದು ಕಡೆ ಸಾವು. ಎರಡನ್ನೂ ಮುಟ್ಟಬಾರದು. ನಾನು ಈಗ ಹೀಗೆ ಕೇಳುತ್ತೇನೆ: 'ಮೈಕಿನಲ್ಲಿ ಕೂಗಿ ಹೇಳಿದರೂ ನಿಮಗೆ ಖುಷಿಯೇ ಆಗುವಂಥ ಒಂದು ಹೆಸರು ನೆನಪು ಮಾಡಿಕೊಳ್ಳಿ. ಅ ಆ ಇ ಈ ಕಲಿಸಿದ ಟೀಚರ್ ಇರಬಹುದು, ಚಿಕ್ಕಂದಿನಲ್ಲಿ ಜೊತೆಗೆ ಆಡಿದವರು ಇರಬಹುದು. ಬೇರೆ ಹೆಸರು ಬಂದಿದ್ದರೆ ಈಗಲೇ ಬದಲಾಯಿಸಿಕೊಳ್ಳಿ, ನಾನು ಕಾಯುತ್ತೇನೆ.' ಆ ಕೊನೆಯ ಮಾತು ಹೇಳಿದಾಗ ಎಷ್ಟು ಜನ ಪಕ್ಕನೆ ಕಣ್ಣು ಕೆಳಗೆ ಹಾಕಿ ಬದಲಾಯಿಸಿಕೊಳ್ಳುತ್ತಾರೆ ಗೊತ್ತಾ? ಮೊದಲು ಬಂದಿದ್ದ ಹೆಸರು ಯಾರದ್ದೋ, ಅದು ಅವರ ಹತ್ತಿರವೇ ಉಳಿಯಿತು.

ಇನ್ನೊಂದು ಅಭ್ಯಾಸ ಮಾಡಿಕೊಳ್ಳಿ. ಹೆಸರನ್ನು ಬಾಯಲ್ಲಿ ಹೇಳಬೇಡಿ. ಒಂದು ಸ್ಲೇಟಿನ ಮೇಲೆ ಬರೆದು, ಜನಕ್ಕೆ ಕಾಣದ ಹಾಗೆ ಮೊದಲು ಅವರೊಬ್ಬರಿಗೇ ತೋರಿಸಿ. ಮೈಕ್ ಪಕ್ಕಕ್ಕೆ ಹಿಡಿದು 'ಎಲ್ಲರಿಗೂ ತೋರಿಸಲಾ ಅಮ್ಮಾ?' ಅಂತ ಮೆಲ್ಲಗೆ ಕೇಳಿ. ಹೂಂ ಅಂದರೆ ತಿರುಗಿಸಿ. ತಲೆ ಅಲ್ಲಾಡಿಸಿದರೆ ಅಲ್ಲೇ ಬಟ್ಟೆಯಿಂದ ಒರೆಸಿಬಿಡಿ. ಸರಿ ಇತ್ತಾ ಅಂತ ಮಾತ್ರ ಕೇಳಿ. ಅವರು 'ಸರಿ ಇತ್ತು' ಅನ್ನುವಾಗ ಮುಖದಲ್ಲಿ ಏನು ಕಾಣುತ್ತದೆಯೋ ಅದನ್ನು ಜನ ನೋಡುತ್ತಾರೆ, ಸಾಕು. ನನ್ನ ಅನುಭವದಲ್ಲಿ ಒರೆಸಿದ ಸ್ಲೇಟಿಗೆ ಬರುವ ಚಪ್ಪಾಳೆ ತೋರಿಸಿದ ಸ್ಲೇಟಿಗಿಂತ ಜೋರು, ಯಾಕೆಂದರೆ ಇವನು ನಮ್ಮ ಮಾನ ಕಾಯುತ್ತಾನೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಅದಾದ ಮೇಲೆ ವೇದಿಕೆಗೆ ಬರಲು ಜನ ಹೆದರುವುದಿಲ್ಲ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಮೂಡಿಗೆರೆ ಕಡೆ ಒಂದು ಮನೆಯ ಸಮಾರಂಭ. ಎಪ್ಪತ್ತರ ಆಸುಪಾಸಿನ ಹಿರಿಯರೊಬ್ಬರು ಬಂದು ಚೀಟಿ ಬರೆದರು. ನಾನು ಹೆಸರು ಹೇಳಿದೆ. ಅದು ಅವರ ಹೆಂಡತಿಯ ಹೆಸರು, ತೀರಿಕೊಂಡು ಆರು ತಿಂಗಳಾಗಿತ್ತು. ಜನ ಚಪ್ಪಾಳೆ ತಟ್ಟಿದರು. ಅವರು ಚಪ್ಪಾಳೆ ನಿಲ್ಲುವವರೆಗೆ ಕಾದು, ನನ್ನ ತೋಳು ಹಿಡಿದು, ಮೈಕಿಗೆ ಕೇಳದಷ್ಟು ಸಣ್ಣ ದನಿಯಲ್ಲಿ 'ಅವಳು ಮತ್ತೇನಾದರೂ ಹೇಳಿದಳಾ?' ಅಂದರು. ನನಗೆ ಮುಂದಿನ ಐಟಂ ಯಾವುದು ಅನ್ನುವುದೇ ಮರೆತುಹೋಯಿತು. ಶೋ ಮುಗಿದ ಮೇಲೆ ಅವರನ್ನು ಜಗಲಿಯಲ್ಲಿ ಕೂರಿಸಿಕೊಂಡು, ನನಗೆ ಯಾರೂ ಏನೂ ಹೇಳುವುದಿಲ್ಲ, ಇದು ನಾನು ಕಲಿತ ಕೆಲಸ ಅಂತ ಹೇಳಿದೆ. ಅವರು ತಲೆ ಆಡಿಸಿದರು. ನಂಬಿದರೋ ಇಲ್ಲವೋ ಗೊತ್ತಿಲ್ಲ. ಅವತ್ತಿನಿಂದ ನನ್ನ ಶೋ ಶುರುವಾಗುವುದೇ ಆ ಮಾತಿನಿಂದ: 'ನನಗೆ ಯಾವ ಶಕ್ತಿಯೂ ಇಲ್ಲ, ಯಾವ ದೇವರೂ ಮೈಮೇಲೆ ಬರುವುದಿಲ್ಲ. ಅಭ್ಯಾಸ ಮಾಡಿ ಕಲಿತದ್ದು.' ಇದನ್ನು ಹೇಳಿದರೆ ಮಜಾ ಹೋಗುತ್ತದೆ ಅಂತ ಹಲವರು ಹೇಳುತ್ತಾರೆ. ಹೋಗುವುದಿಲ್ಲ. ಎಂಟು ಜನರ ಪ್ರಶ್ನೆಗಳನ್ನು ಒಟ್ಟಿಗೇ ನಿಭಾಯಿಸುವ ಅಷ್ಟಾವಧಾನಿಗೆ ಇರುವುದು ದೈವಿಕ ಶಕ್ತಿ ಅಲ್ಲ, ಸಾಧನೆ ಅಂತ ಗೊತ್ತಿದ್ದೂ ಜನ ಬಾಯಿ ಬಿಟ್ಟು ನೋಡುತ್ತಾರಲ್ಲ.

ಈಗ ಪೆಂಡಾಲಿನ ವಿಷಯ. ವೇದಿಕೆ ಎಲ್ಲಿತ್ತು? ಬಹುಶಃ ಗಣಪತಿ ಕೂರಿಸಿದ ಕಟ್ಟೆಗೆ ಅಂಟಿಕೊಂಡೇ ಇತ್ತು. ಹಾಗಿದ್ದರೆ ಅಲ್ಲಿಗೆ ಬರಬೇಕಾದರೆ ಚಪ್ಪಲಿ ಬಿಡಬೇಕು, ದೇವರಿಗೆ ಬೆನ್ನು ಮಾಡಿ ನಿಲ್ಲಬೇಕು. ಕೆಲವು ಹೆಣ್ಣುಮಕ್ಕಳು ಆ ದಿನಗಳಲ್ಲಿ ಮೂರ್ತಿಯ ಹತ್ತಿರ ಹೋಗುವುದಿಲ್ಲ, ಕಾರಣ ಎಲ್ಲರ ಮುಂದೆ ಹೇಳಲಿಕ್ಕೂ ಆಗುವುದಿಲ್ಲ. ನೀವು 'ಬನ್ನಿ ಅಕ್ಕಾ, ಯಾಕೆ ಹೆದರುತ್ತೀರಿ' ಅಂತ ಮೈಕಿನಲ್ಲಿ ಒತ್ತಾಯ ಮಾಡಿದಷ್ಟೂ ಅವರಿಗೆ ಮುಜುಗರ. ಪೆಂಡಾಲ್ ಶೋ ಅಂದರೆ ನಾನು ವೇದಿಕೆ ಬಿಟ್ಟು ಕೆಳಗೆ ಇಳಿದುಬಿಡುತ್ತೇನೆ. ಚಾಪೆಗಳ ಮಧ್ಯೆ ಎರಡು ಮಾರು ಜಾಗ ಬಿಡಿಸಿಕೊಂಡರೆ ಸಾಕು. ಹಲಗೆಯ ಮೆಟ್ಟಿಲಲ್ಲಿ ಸೀರೆ ತೊಡರುವುದು, ಮೈಕ್ ವೈರ್ ಕಾಲಿಗೆ ಸಿಗುವುದು, ಇದೆಲ್ಲ ತಪ್ಪುತ್ತದೆ.

ಹತ್ತು ನಿಮಿಷ ಕರೆದೆ ಅಂದಿರಿ. ಒಂದು ನಿಮಿಷಕ್ಕಿಂತ ಜಾಸ್ತಿ ಕರೆಯಬಾರದು. ಕರೆದಷ್ಟೂ ಬರುವವರ ಧೈರ್ಯ ಇಳಿಯುತ್ತದೆ, ಕುಡಿದವನ ಧೈರ್ಯ ಏರುತ್ತದೆ. ಕರೆಯುವ ಬದಲು ಎಲ್ಲರಿಗೂ ಕೂತಲ್ಲೇ ಒಂದು ಕೆಲಸ ಕೊಡಿ. ಎರಡೂ ಕೈ ಬೆರಳು ಹೆಣೆದು ಹಿಡಿಯಲಿ, ತೋರುಬೆರಳು ಎರಡನ್ನು ಮಾತ್ರ ಮೇಲೆ ನೆಟ್ಟಗೆ ಎತ್ತಿ ಒಂದು ಇಂಚು ದೂರ ಇಡಲಿ, ಮಧ್ಯದ ಜಾಗವನ್ನೇ ನೋಡಲಿ. ಬೆರಳುಗಳು ತಾವಾಗಿ ಹತ್ತಿರ ಬರುತ್ತವೆ. ಹೆಣೆದ ಕೈಯಲ್ಲಿ ಬೆರಳು ದೂರ ಹಿಡಿಯುವುದೇ ಕಷ್ಟ, ಸ್ನಾಯು ದಣಿದು ಬಿಟ್ಟುಕೊಡುತ್ತದೆ, ಅಷ್ಟೇ. ಮುನ್ನೂರು ಜನ ಒಟ್ಟಿಗೆ ನಗುತ್ತಾರೆ. ಆಗ ನೀವು ಸುಮ್ನೆ ನಿಂತು ನೋಡಬೇಕು: ಹೇಳಿದ್ದನ್ನು ಹೇಳಿದ ಹಾಗೆ ಮಾಡಿದವರು ಯಾರು, ಪಕ್ಕದವರಿಗೆ ತೋರಿಸಿ ನಕ್ಕವರು ಯಾರು, ಕೈ ಕಟ್ಟಿಕೊಂಡು ಕೂತವರು ಯಾರು. ಹತ್ತಿರ ಹೋಗಿ ಮೈಕ್ ಇಲ್ಲದೆ 'ಇನ್ನೊಂದು ಸಣ್ಣದು ಇದೆ, ನಿಂತು ಮಾಡುತ್ತೀರಾ?' ಅಂತ ಕೇಳಿ. ಬೇಡ ಅಂದರೆ ಯಾರಿಗೂ ಕೇಳಿಸದು, ಇಬ್ಬರಿಗೂ ನಷ್ಟ ಇಲ್ಲ.

ಕುಡಿದವನು ಬಂದರೆ ಜಗಳ ಬೇಡ, ಅವಮಾನವೂ ಬೇಡ. ಅವನಿಗೆ ಒಂದು ಮುಚ್ಚಿದ ಕವರ್ ಕೊಟ್ಟು, 'ಇದು ಇಡೀ ಶೋದ ಮುಖ್ಯ ವಸ್ತು, ಕೊನೆವರೆಗೆ ನೀವೇ ಕಾಪಾಡಬೇಕು' ಅಂತ ಮುಂದೆ ಕೂರಿಸಿ. ನನಗೆ ಒಂದು ಸಲವೂ ಕೈಕೊಟ್ಟಿಲ್ಲ. ಮೈಕ್ ಮಾತ್ರ ಯಾರ ಕೈಗೂ ಕೊಡಬೇಡಿ, ನೀವೇ ಹಿಡಿದುಕೊಳ್ಳಿ. ಹೆಸರು ಕೇಳಿ, ಆದರೆ 'ಯಾರ ಮನೆಯವರು, ಯಾವ ಕಡೆ' ಅಂತ ಕೇಳಬೇಡಿ. ನಮ್ಮ ಊರುಗಳಲ್ಲಿ ಆ ಪ್ರಶ್ನೆಗೆ ಬೇರೆ ಅರ್ಥ ಬರುತ್ತದೆ.

ನಮ್ಮ ಕಡೆಯವರನ್ನು ಕೂರಿಸುವ ವಿಷಯ. ತಪ್ಪಾ ಅಂತ ಕೇಳಿದ್ದೀರಿ. ಮಾಡುವವರು ಇದ್ದಾರೆ, ದೊಡ್ಡ ದೊಡ್ಡ ಶೋಗಳಲ್ಲೂ ಇದ್ದಾರೆ. ನನ್ನ ವಿರೋಧಕ್ಕೆ ಎರಡು ಕಾರಣ. ಒಂದು, ಅವತ್ತು ನೀವು ಯಾರನ್ನೂ ಕೂರಿಸಿರಲಿಲ್ಲ, ಆದರೂ ಆರೋಪ ಬಂತು. ಇಂಥ ಊರಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಯಾರು ಎದ್ದು ಬಂದರೂ ಅವರಿಗೂ ನಿಮಗೂ ಏನೋ ಒಂದು ನಂಟು ಸಿಕ್ಕೇ ಸಿಗುತ್ತದೆ. ನಿಜವಾಗಿ ಕೂರಿಸಿದರೆ ಆ ಗುಟ್ಟು ಒಂದು ವಾರವೂ ನಿಲ್ಲುವುದಿಲ್ಲ. ಎರಡು, ನಿಮ್ಮ ಕಡೆಯವನು ಇದ್ದಾನೆ ಅನ್ನುವ ಧೈರ್ಯದಲ್ಲಿ ನೀವು ಅಭ್ಯಾಸ ಬಿಡುತ್ತೀರಿ. ನನ್ನ ಜೊತೆ ಶುರು ಮಾಡಿದ ಇಬ್ಬರು ಹಾಗೇ ನಿಂತುಹೋದರು.

ಇದರ ಜೊತೆಗೇ ಬರುವ ಇನ್ನೊಂದು ದಾರಿ, ಬಂದವರ ಕಿವಿಯಲ್ಲಿ ಒಂದು ಹೇಳಿ, ಜನಕ್ಕೆ ಇನ್ನೊಂದು ಕೇಳುವ ಹಾಗೆ ಮಾಡುವುದು, ಅಥವಾ ಶೋಗೆ ಮೊದಲೇ ಹಿಂದೆ ಕರೆದು ಚೀಟಿ ಬರೆಸಿಟ್ಟುಕೊಳ್ಳುವುದು. ಟಿವಿಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ನಮ್ಮಲ್ಲಿ ನಡೆಯುವುದಿಲ್ಲ. ಮಾರನೇ ಬೆಳಿಗ್ಗೆ ಅವರು ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಾ ಏನಾಯಿತು ಅಂತ ಮೊದಲಿಂದ ಹೇಳುತ್ತಾರೆ. ನಾಲ್ಕು ಜನ ಕೂತು ಕೇಳುತ್ತಾರೆ, ಅವರಲ್ಲಿ ಒಬ್ಬರು 'ಓಹೋ, ಹಂಗಾ' ಅಂದರೆ ಮುಗಿಯಿತು. ಅದಕ್ಕೆ ನನ್ನ ಅಳತೆಗೋಲು ಇದು: ಬಂದವರು ಹೋಗಿ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದರೂ ಅಚ್ಚರಿ ಉಳಿಯಬೇಕು. ಉಳಿಯದ ಐಟಂ ಹಳ್ಳಿಗೆ ತರಬೇಡಿ.

ಆರೋಪ ತಪ್ಪಿಸಲು ಹಳೇ ಉಪಾಯ ಚೆಂಡು. ದಿನಪತ್ರಿಕೆ ಉಂಡೆ ಮಾಡಿ ರಬ್ಬರ್ ಬ್ಯಾಂಡ್ ಹಾಕಿ, ಬೆನ್ನು ತಿರುಗಿಸಿ ಎಸೆಯಿರಿ. ಹಿಡಿದವರು ಮತ್ತೆ ಹಿಂದಕ್ಕೆ ಎಸೆಯಲಿ, ಮೂರು ಸಲ. ಆಮೇಲೆ ಯಾರೂ ಬಾಯಿ ಬಿಡುವುದಿಲ್ಲ. ಆದರೆ ಇದರಲ್ಲೂ ಒಂದು ಅಪಾಯ ಇದೆ, ಚೆಂಡು ಇಷ್ಟ ಇಲ್ಲದವರ ಮಡಿಲಿಗೆ ಬಿದ್ದರೆ ಅವರಿಗೆ ಶಿಕ್ಷೆ ಕೊಟ್ಟ ಹಾಗೆ. 'ನೀವೇ ಬರಬಹುದು, ಅಥವಾ ನಿಮಗೆ ಇಷ್ಟ ಬಂದವರನ್ನು ಕಳಿಸಬಹುದು' ಅಂತ ಮೊದಲೇ ಹೇಳಿಬಿಡಿ.

ಹಿಪ್ನಾಟಿಸಂ. ಕಣ್ಣಲ್ಲಿ ಕಣ್ಣಿಟ್ಟರೆ ಜನ ನಿಮ್ಮ ವಶ ಅನ್ನುವುದು ಸಿನಿಮಾದ ಮಾತು. ಆ ಹೆಸರನ್ನು ಬಳಕೆಗೆ ತಂದದ್ದು 1840ರ ದಶಕದಲ್ಲಿ ಜೇಮ್ಸ್ ಬ್ರೇಡ್ ಅನ್ನುವ ಸ್ಕಾಟ್ಲೆಂಡಿನ ವೈದ್ಯ, ನಿದ್ದೆಯ ಗ್ರೀಕ್ ದೇವತೆಯ ಹೆಸರಿನಿಂದ. ಕೆಲವೇ ವರ್ಷದಲ್ಲಿ ಇದು ನಿದ್ದೆಯೇ ಅಲ್ಲ, ಒಂದೇ ವಿಚಾರದಲ್ಲಿ ಮನಸ್ಸು ನಿಲ್ಲುವುದು ಅಂತ ಅವನಿಗೇ ಅನ್ನಿಸಿ ಹೆಸರು ಬದಲಾಯಿಸಲು ನೋಡಿದ. ಆಗಲಿಲ್ಲ. ಹಳೇ ಹೆಸರೇ ಉಳಿಯಿತು, ಅದರ ಜೊತೆ ತಪ್ಪು ಕಲ್ಪನೆಯೂ ಉಳಿಯಿತು. ಸ್ಟೇಜ್ ಹಿಪ್ನಾಟಿಸಂ ನಡೆಯುವುದು ಒಪ್ಪಿ ಬಂದವರ ಮೇಲೆ, ಅವರಲ್ಲೂ ಕಲ್ಪನೆಯಲ್ಲಿ ಸುಲಭವಾಗಿ ಮುಳುಗುವವರನ್ನು ಆರಿಸಿಕೊಂಡ ಮೇಲೆ. ಬರಲು ಹೆದರುವವರನ್ನು ಅದು ಕರೆತರುವುದಿಲ್ಲ, ಇನ್ನೂ ಹೆದರಿಸುತ್ತದೆ. ನಿಮ್ಮ ಮುಂದೆ ಮಕ್ಕಳಿರುತ್ತಾರೆ, ಮೂರ್ಛೆ ರೋಗ ಇರುವವರೂ ಇರಬಹುದು, ವೇದಿಕೆ ಮೇಲೆ ಯಾರಾದರೂ ಬಿದ್ದರೆ ಹಿಡಿಯುವವರು ಯಾರು? ನಿಮಗೆ ಬೇಡ.

ಒಬ್ಬರೇ ಮಾಡುವ ಐಟಂ ಇಟ್ಟುಕೊಳ್ಳಲಾ ಅಂದಿರಿ. ಮೆಂಟಲಿಸಂನಿಂದ ಜನರನ್ನು ತೆಗೆದರೆ ಉಳಿಯುವುದು ಏನು, ಯೋಚಿಸಿ. ಮನಸ್ಸು ಓದಬೇಕಾದರೆ ಇನ್ನೊಂದು ಮನಸ್ಸು ಬೇಕಲ್ವಾ. ನಮ್ಮದೇ ಅವಧಾನ ಕಲೆ ನೋಡಿ. ಅಷ್ಟಾವಧಾನದಲ್ಲಿ ಎಂಟು ಜನ ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು. ಒಬ್ಬರು ಸಮಸ್ಯೆ ಅಂತ ಪದ್ಯದ ಒಂದು ಸಾಲು ಕೊಟ್ಟು ಪೂರ್ತಿ ಮಾಡಿ ಅನ್ನುತ್ತಾರೆ, ಒಬ್ಬರು ಪದ್ಯ ಕಟ್ಟುವಾಗ ಇಂಥ ಅಕ್ಷರ ಬೇಡ ಅಂತ ನಿಷೇಧ ಮಾಡುತ್ತಾರೆ, ಅಂಕಿ ತುಂಬುವ ಚೌಕ ಹಿಡಿದ ಸಂಖ್ಯಾಬಂಧದವರು ಮಧ್ಯೆ ಮಧ್ಯೆ 'ಇಂಥ ಮನೆಗೆ ಯಾವ ಸಂಖ್ಯೆ' ಅಂತ ಕೇಳುತ್ತಾರೆ, ಕೊನೆಗೆ ಸಾಲು ಹೇಗೆ ಕೂಡಿದರೂ ಒಂದೇ ಮೊತ್ತ. ಅಪ್ರಸ್ತುತ ಪ್ರಸಂಗದವರ ಕೆಲಸವೇ ಅಡ್ಡಿ ಮಾಡುವುದು. ಅಷ್ಟಾದರೂ ಪೃಚ್ಛಕರಿಗೆ ಕುರ್ಚಿ ಇದೆ, ಹೆಸರು ಹೇಳಿ ಪರಿಚಯ ಮಾಡುತ್ತಾರೆ, ಅವರು ಕೇಳಿದ ಪ್ರಶ್ನೆ ಚೆನ್ನಾಗಿದ್ದರೆ ಸಭೆ ಅವರಿಗೂ ಚಪ್ಪಾಳೆ ತಟ್ಟುತ್ತದೆ. ನಾನು ವೇದಿಕೆಗೆ ಬಂದವರನ್ನು ಪೃಚ್ಛಕರ ಹಾಗೆ ನೋಡಲು ಶುರು ಮಾಡಿದ ಮೇಲೆ ನನ್ನ ಶೋ ಬದಲಾಯಿತು. ಪರೀಕ್ಷೆ ನನಗೆ, ಅವರಿಗಲ್ಲ. ಕುರ್ಚಿ ಹಾಕಿಸಿ, ನೀರು ಇಡಿಸಿ, ಇಳಿಯುವಾಗ ಕೆಳಗಿನ ಮೆಟ್ಟಿಲವರೆಗೆ ಹೋಗಿ ಬಿಟ್ಟು ಬನ್ನಿ.

ನಿಮ್ಮ ರಾಜ್ಯೋತ್ಸವದ ಶೋಗೆ ನನ್ನ ಸಲಹೆ, ಸ್ನಾಯುವಿನ ಓದು. 1880ರ ದಶಕದಲ್ಲಿ ವಾಷಿಂಗ್ಟನ್ ಅರ್ವಿಂಗ್ ಬಿಷಪ್ ಅನ್ನುವ ಅಮೆರಿಕದವನು ಇದರಿಂದಲೇ ಹೆಸರು ಮಾಡಿದ. ಜನ ಒಂದು ವಸ್ತು ಬಚ್ಚಿಡುತ್ತಾರೆ, ಎಲ್ಲಿದೆ ಅಂತ ಗೊತ್ತಿರುವ ಒಬ್ಬರ ಕೈ ಹಿಡಿದುಕೊಂಡು ನೀವು ಹುಡುಕಿ ತೆಗೆಯುತ್ತೀರಿ. ಇದರಲ್ಲಿ ಮೋಸ ಇಲ್ಲ, ಸಲಕರಣೆ ಇಲ್ಲ. ಯೋಚನೆಯೇ ಸಣ್ಣ ಚಲನೆಯಾಗಿ ಸ್ನಾಯುವಿಗೆ ಇಳಿಯುತ್ತದೆ, ಆ ಮನುಷ್ಯನಿಗೆ ಗೊತ್ತೂ ಆಗುವುದಿಲ್ಲ. ವಿಲಿಯಂ ಕಾರ್ಪೆಂಟರ್ ಅನ್ನುವ ವಿಜ್ಞಾನಿ 1852ರಲ್ಲಿ ಇದಕ್ಕೆ ಐಡಿಯೋಮೋಟರ್ ಅಂತ ಹೆಸರಿಟ್ಟ. ಮರುವರ್ಷ ಮೈಕೇಲ್ ಫ್ಯಾರಡೆ, ದೆವ್ವ ತಿರುಗಿಸುತ್ತದೆ ಅನ್ನುತ್ತಿದ್ದ ಮೇಜುಗಳನ್ನು ಕೈ ಇಟ್ಟವರೇ ತಿಳಿಯದೆ ನೂಕುತ್ತಿದ್ದಾರೆ ಅಂತ ಪ್ರಯೋಗ ಮಾಡಿ ತೋರಿಸಿದ. ಅರಸೀಕೆರೆ, ಕಡೂರು ಕಡೆ ಬೋರ್‌ವೆಲ್ ಪಾಯಿಂಟ್ ನೋಡುವವರ ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಲ್ಲುತ್ತದಲ್ಲ, ಅದರ ಹಿಂದೆಯೂ ಇದೇ ಇದೆ. ಆ ಮನುಷ್ಯ ಸುಳ್ಳು ಹೇಳುತ್ತಿದ್ದಾನೆ ಅಂತಲ್ಲ, ಅವನ ಕೈ ಅವನಿಗೆ ಹೇಳದೆ ಕೆಲಸ ಮಾಡುತ್ತಿದೆ.

ಮಾಡುವ ಕ್ರಮ ಹೇಳುತ್ತೇನೆ. ಮಣಿಕಟ್ಟು ಹಿಡಿಯುವುದು ಪುಸ್ತಕದ ಪದ್ಧತಿ. ನಮ್ಮಲ್ಲಿ ಅದು ಬೇಡ, ಹೆಣ್ಣುಮಕ್ಕಳು ಬಂದರೆ ಅವರಿಗೂ ನಿಮಗೂ ಕಷ್ಟ. ಒಂದು ಕರ್ಚೀಫನ್ನು ಹುರಿ ಮಾಡಿ, ಒಂದು ತುದಿ ಅವರ ಕೈಯಲ್ಲಿ, ಒಂದು ತುದಿ ನಿಮ್ಮ ಕೈಯಲ್ಲಿ, ಸಡಿಲ ಬಿಡದೆ ಬಿಗಿಯಾಗಿ. 'ಬಲಕ್ಕೆ, ಎಡಕ್ಕೆ, ನಿಲ್ಲು ಅಂತ ಮನಸ್ಸಿನಲ್ಲೇ ನನಗೆ ಜೋರಾಗಿ ಹೇಳಿ' ಅನ್ನಿ. ನೀವು ಒಂದು ಹೆಜ್ಜೆ ಇಡಿ. ತಪ್ಪು ದಿಕ್ಕಾದರೆ ಕರ್ಚೀಫು ಭಾರವಾಗುತ್ತದೆ, ಎತ್ತು ಹೋಗಲು ಒಲ್ಲೆ ಅಂದಾಗ ಹಗ್ಗ ಬಿಗಿಯುತ್ತದಲ್ಲ ಹಾಗೆ, ಆದರೆ ಕೂದಲೆಳೆಯಷ್ಟು. ಸರಿ ದಿಕ್ಕಾದರೆ ಅವರೇ ನಿಮಗಿಂತ ಒಂದು ಗಳಿಗೆ ಮೊದಲು ಹೊರಡುತ್ತಾರೆ. ಹತ್ತಿರ ಬಂದಾಗ ಅವರ ಹೆಜ್ಜೆ ಚಿಕ್ಕದಾಗುತ್ತದೆ, ಕೆಲವರು ಉಸಿರು ಹಿಡಿಯುತ್ತಾರೆ. ಮನೆಯಲ್ಲಿ ಮೂರು ಲೋಟ ಬೋರಲು ಹಾಕಿ, ಒಂದರ ಕೆಳಗೆ ಕಾಫಿ ಬೀಜ ಇಡಿಸಿ ಶುರು ಮಾಡಿ. ಲೋಟದಿಂದ ಕೋಣೆಗೆ, ಕೋಣೆಯಿಂದ ಅಂಗಳಕ್ಕೆ. ನನಗೆ ಜನರ ಮುಂದೆ ಮಾಡುವ ಧೈರ್ಯ ಬರಲು ಮೂರು ತಿಂಗಳು ಬೇಕಾಯಿತು. ನಿಮಗೆ ಅಷ್ಟು ಸಮಯ ಇಲ್ಲ ಅಂದರೆ ಈ ಶೋದಲ್ಲಿ ಮೂರು ಲೋಟದ್ದನ್ನೇ ಮಾಡಿ, ತಪ್ಪೇನಿಲ್ಲ. ಕೆಲವರ ಕೈ ಏನೂ ಹೇಳುವುದಿಲ್ಲ, ಕೈ ಸತ್ತ ಹಾಗೆ ಇರುತ್ತದೆ. ಆಗ ಒಪ್ಪಿಕೊಂಡು ಇನ್ನೊಬ್ಬರನ್ನು ಕರೆಯಿರಿ. ಒಂದು ಸಲ ತಪ್ಪಿ ಎರಡನೇ ಸಲ ಸಿಕ್ಕಿದರೆ, ಮೊದಲೇ ಹೇಳಿಕೊಟ್ಟಿದ್ದಾರೆ ಅನ್ನುವವರ ಬಾಯಿ ತಾನಾಗಿ ಮುಚ್ಚುತ್ತದೆ.

ಸಂಖ್ಯೆಯ ಐಟಂ ಮಾಡುತ್ತೀರಿ ಅಂದಿದ್ದೀರಿ, ಅದರಲ್ಲಿ 1089 ಇದ್ದರೆ ಒಂದು ಎಚ್ಚರಿಕೆ. ಮೂರಂಕಿ ಸಂಖ್ಯೆ, ತಿರುಗಿಸಿ ಕಳೆಯುವುದು, ಬಂದದ್ದನ್ನು ತಿರುಗಿಸಿ ಕೂಡುವುದು, ಕೊನೆಗೆ 1089 ಬರುತ್ತದೆ ಅಂತ ಮೊದಲೇ ಬರೆದಿಟ್ಟು ತೋರಿಸುವುದು. 732 ತೆಗೆದುಕೊಂಡರೆ 237 ಕಳೆದು 495, ಅದಕ್ಕೆ 594 ಕೂಡಿ 1089. ಕೊಪ್ಪದ ಕಡೆ ಒಂದು ರಿಸೆಪ್ಷನ್ನಿನಲ್ಲಿ ಮದುಮಗಳ ಚಿಕ್ಕಪ್ಪ 463 ಬರೆದರು. 364 ಕಳೆದರೆ 99. ಅವರು 99 ತಿರುಗಿಸಿದರು, 99 ಬಂತು, ಕೂಡಿ 198 ಅಂತ ಹೆಮ್ಮೆಯಿಂದ ಓದಿದರು. ನನ್ನ ಹಿಂದೆ ಪರದೆಯ ಮೇಲೆ ಆಳೆತ್ತರಕ್ಕೆ 1089 ಬರೆದಿತ್ತು. ಅವರ ಲೆಕ್ಕದಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ. 099 ಅಂತ ಬರೆದು 990 ಕೂಡಬೇಕು ಅಂತ ನಾನು ಹೇಳಿರಲಿಲ್ಲ. ಮೊದಲನೇ ಮತ್ತು ಕೊನೇ ಅಂಕಿಯ ನಡುವೆ ಎರಡಾದರೂ ವ್ಯತ್ಯಾಸ ಇರಲಿ ಅಂತ ಹೇಳಿದ್ದರೆ ಆ ತೊಂದರೆಯೇ ಇರುತ್ತಿರಲಿಲ್ಲ. ಜನರ ಕೈಯಲ್ಲಿ ಐಟಂ ಕೆಟ್ಟರೆ ಹತ್ತಕ್ಕೆ ಒಂಬತ್ತು ಸಲ ನಾವು ಹೇಳಿದ್ದೇ ಸರಿ ಇರುವುದಿಲ್ಲ. ನೀವು ಮೇಷ್ಟ್ರು, ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಇಂಗ್ಲಿಷ್ ಪುಸ್ತಕದಿಂದ ಕಲಿತದ್ದನ್ನು ಇಲ್ಲಿಯ ನೆಲಕ್ಕೆ ಒಗ್ಗಿಸಬೇಕು. 'ಒಂದು ತರಕಾರಿ ಅಂದುಕೊಳ್ಳಿ' ಅಂದರೆ ಜನ ಕ್ಯಾರೆಟ್ ಅನ್ನುತ್ತಾರೆ ಅಂತ ಅಲ್ಲಿ ಬರೆದಿರುತ್ತದೆ. ಹಾಸನದಲ್ಲಿ ಕೇಳಿ ನೋಡಿ, ಆಲೂಗಡ್ಡೆ ಅನ್ನುತ್ತಾರೆ, ಹೊಲದಲ್ಲಿ ಅದೇ ಇದ್ದರೆ ಬಾಯಲ್ಲಿ ಬೇರೆ ಏನು ಬರುತ್ತದೆ. ಹೆಸರಿನಲ್ಲಿ ಎಷ್ಟು ಅಕ್ಷರ ಅಂತ ಕೇಳಿದರೆ 'ಲಕ್ಷ್ಮಿ' ಕನ್ನಡದಲ್ಲಿ ಎರಡು, ಇಂಗ್ಲಿಷಿನಲ್ಲಿ ಏಳು. ಯಾವ ಭಾಷೆಯಲ್ಲಿ ಬರೆಯಬೇಕು ಅಂತ ಮೊದಲೇ ಹೇಳಿ. ಮನೆಯಲ್ಲಿ ಪುಟ್ಟಿ ಅಂತಲೂ ಶಾಲೆಯಲ್ಲಿ ಇನ್ನೊಂದು ಹೆಸರಿನಲ್ಲೂ ಕರೆಸಿಕೊಳ್ಳುವವರು ಬೇಕಾದಷ್ಟಿದ್ದಾರೆ, ಅದನ್ನೂ ಕೇಳಿಕೊಳ್ಳಿ.

ಅಜ್ಜಿಯ ವಿಷಯ. ನೀವು ಅವರಿಗೆ ಏನು ಹೇಳಿದಿರಿ ಅಂತ ಬರೆದಿಲ್ಲ. 'ಮನೆಯಲ್ಲೇ ಇದೆ, ಪೂರ್ವ ದಿಕ್ಕಿನಲ್ಲಿ ನೋಡಿ' ಅಂತ ಏನಾದರೂ ಸಮಾಧಾನಕ್ಕೆ ಹೇಳಿದ್ದರೆ, ದಯವಿಟ್ಟು ಹೋಗಿ ತಿದ್ದಿ ಬನ್ನಿ. ಬುಡುಬುಡಿಕೆಯವರು ಹಾಲಕ್ಕಿ ನುಡಿಯಿತು ಅಂತ ಬೆಳಗಿನ ಜಾವ ಹೇಳುವ ಮಾತು ಎಲ್ಲ ಮನೆಗೂ ಹೊಂದುವಂತೆ ಇರುತ್ತದೆ. 1948ರಲ್ಲಿ ಬರ್ಟ್ರಂ ಫೋರರ್ ಅನ್ನುವ ಮನಃಶಾಸ್ತ್ರಜ್ಞ ತನ್ನ 39 ವಿದ್ಯಾರ್ಥಿಗಳಿಗೆ 'ಇದು ನಿಮ್ಮ ಗುಣ' ಅಂತ ಒಂದೊಂದು ಹಾಳೆ ಕೊಟ್ಟ. ಎಷ್ಟು ಸರಿಯಿದೆ ಅಂತ ಐದಕ್ಕೆ ಅಂಕ ಹಾಕಿ ಅಂದ. ಸರಾಸರಿ 4.26 ಬಂತು. ಎಲ್ಲರಿಗೂ ಕೊಟ್ಟದ್ದು ಒಂದೇ ಹಾಳೆ, ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ ಸಾಲುಗಳು. ಅಂದರೆ ನೀವು ಏನು ಹೇಳಿದರೂ ಅಜ್ಜಿ ಅದನ್ನು ತನ್ನ ಮನೆಗೆ ಹೊಂದಿಸಿಕೊಳ್ಳುತ್ತಾರೆ. ಸರ ಸಿಗದಿದ್ದರೆ ಅನುಮಾನ ಮನೆಯಲ್ಲಿ ಯಾರ ಮೇಲೆ ಹೋಗುತ್ತದೆ? ಸೊಸೆ ಮೇಲೆ, ಇಲ್ಲ ಮನೆಕೆಲಸದವಳ ಮೇಲೆ. ಕರ್ನಾಟಕದಲ್ಲಿ ವಾಮಾಚಾರ ಮತ್ತು ದುಷ್ಟ ಪದ್ಧತಿಗಳನ್ನು ತಡೆಯುವ 2017ರ ಕಾಯ್ದೆ ಇದೆ. ಮನರಂಜನೆ ಅಂತ ಹೇಳಿ ಮಾಡುವ ಶೋ ಅದರ ಗುರಿ ಅಲ್ಲ, ಆದರೂ ಒಮ್ಮೆ ಓದಿ ಇಟ್ಟುಕೊಳ್ಳಿ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷೆ ಮಾಡಲು ಸಮಿತಿ ಮಾಡಿದ ನಾಡು ಇದು. ನಾನು ಅಂಥ ಅಜ್ಜಿಯರ ಜೊತೆ ಕೂತು, ಸರ ಕೊನೆಯ ಸಲ ಯಾವಾಗ ಹಾಕಿಕೊಂಡಿದ್ದಿರಿ, ಎಲ್ಲಿ ಬಿಚ್ಚಿದಿರಿ, ಸ್ನಾನಕ್ಕೆ ಹೋಗುವಾಗ ಎಲ್ಲಿ ಇಡುತ್ತೀರಿ ಅಂತ ಮಾಮೂಲಿ ಪ್ರಶ್ನೆ ಕೇಳುತ್ತೇನೆ. ಒಬ್ಬರಿಗೆ ಅಕ್ಕಿ ಡಬ್ಬದಲ್ಲಿ ಇಟ್ಟದ್ದು ಅಲ್ಲೇ ನೆನಪಾಯಿತು. ನನಗೆ ಶಕ್ತಿ ಇದೆ ಅಂತ ಅವರು ಹೇಳಲು ಹೊರಟಾಗ, ನೆನಪಾಗಿದ್ದು ನಿಮಗೆ ಅಜ್ಜಿ, ನನಗಲ್ಲ ಅಂದೆ.

ರಾಜ್ಯೋತ್ಸವಕ್ಕೆ ಇನ್ನೂ ದಿನ ಇದೆ. ಅದಕ್ಕೆ ಮೊದಲು ಆ ಹುಡುಗಿಯ ಮನೆಗೆ ಹೋಗಿ ಬನ್ನಿ. ಒಬ್ಬರೇ ಹೋಗಬೇಡಿ, ಮನೆಯವರನ್ನು ಅಥವಾ ನಿಮ್ಮ ಶಾಲೆಯ ಟೀಚರ್ ಒಬ್ಬರನ್ನು ಕರೆದುಕೊಂಡು ಹೋಗಿ. ಅಪ್ಪ ಅಮ್ಮನ ಎದುರಿಗೇ ಹೇಳಿ: ನಾನು ಯಾರ ಮನಸ್ಸನ್ನೂ ಓದಿಲ್ಲ, ಓದಲು ಬರುವುದೂ ಇಲ್ಲ. ಚೀಟಿಯಲ್ಲಿ ಏನೋ ಒಂದು ಹೆಸರು ಬರೆ ಅಂತ ನಾನೇ ಹೇಳಿದ್ದು, ಎಲ್ಲರ ಮುಂದೆ ಅವಸರದಲ್ಲಿ ಬರೆದ ಹೆಸರಿಗೆ ಅರ್ಥ ಹುಡುಕಬೇಡಿ, ಕೇಳಿದ್ದು ನನ್ನ ತಪ್ಪು. ಇಷ್ಟು ಹೇಳಿದರೆ ನಿಮ್ಮ ಐಟಂನ ಗುಟ್ಟು ಅರ್ಧ ಬಿಟ್ಟುಕೊಟ್ಟ ಹಾಗೆ ಆಗುತ್ತದೆ. ಆಗಲಿ. ಆ ಹೆಸರಿನ ಐಟಂ ಆ ಊರಿನಲ್ಲಿ ಮತ್ತೆ ಮಾಡಬೇಡಿ. ಚೀಟಿ ಇನ್ನೂ ನಿಮ್ಮ ಕಿಟ್ಟಿನಲ್ಲೇ ಇದ್ದರೆ ತೆಗೆದುಕೊಂಡು ಹೋಗಿ, ಅವಳ ಕೈಗೇ ಕೊಟ್ಟು ಬನ್ನಿ.